ಆಸ್ಪತ್ರೆಯ ರಿಪೋರ್ಟ್ ನಾರ್ಮಲ್ ಇತ್ತು

"ಡಾಕ್ಟ್ರೇ, ಕೊಲೆಸ್ಟ್ರಾಲ್ ನಾರ್ಮಲ್ ಬಂದಿತ್ತಲ್ಲ, ಅದಕ್ಕೇ ಮಾತ್ರೆ ಬಿಟ್ಟೆ."

ಸ್ಟೆಂಟ್ ಹಾಕಿಸಿಕೊಂಡು ಹೋದವರು ಎರಡು ತಿಂಗಳಿಗೆ ಮತ್ತೆ ಎದೆನೋವೆಂದು ಬಂದು ಹೀಗೆ ಹೇಳಿದರು. ತಪ್ಪು ನನ್ನದೇ. ಹೃದಯಾಘಾತವಾಗಿ ಒಂದು ದಿನ ಕಳೆದರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ತಾನಾಗಿಯೇ ಇಳಿಯತೊಡಗುತ್ತದೆ, ಕೆಲವು ವಾರ ಹಾಗೇ ಇರುತ್ತದೆ. ಆ ದಿನಗಳ ರಿಪೋರ್ಟನ್ನು ನಂಬಬಾರದೆಂದು ನಾನು ಬಿಡಿಸಿ ಹೇಳಿರಲಿಲ್ಲ.

ಈಗ ರಿಪೋರ್ಟಿಗೆ ಕಾಯುವುದೇ ಇಲ್ಲ. ದಾಖಲಾದ ದಿನವೇ ರಕ್ತ ತೆಗೆಸಿ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಮಾತ್ರೆ ಅಟೊರ್ವಾಸ್ಟ್ಯಾಟಿನ್ 80 ಮಿ.ಗ್ರಾಂ. ಶುರು ಮಾಡುತ್ತೇನೆ. ತುಂಬ ವಯಸ್ಸಾದವರಿಗೆ, ಲಿವರ್ ತೊಂದರೆ ಇರುವವರಿಗೆ ಮಾತ್ರ ಯೋಚಿಸಿ ಕೊಡುತ್ತೇನೆ. 2004ರಲ್ಲಿ ಪ್ರಕಟವಾದ ಪ್ರೂವ್-ಇಟ್ ಅಧ್ಯಯನದಲ್ಲಿ 4,162 ಜನರಿದ್ದರು. ಇದೇ ಡೋಸ್ ಪಡೆದವರ ಎಲ್‌ಡಿಎಲ್ 62ಕ್ಕೆ ಇಳಿಯಿತು, ಇನ್ನೊಂದು ಸ್ಟ್ಯಾಟಿನ್ ಆದ ಪ್ರಾವಾಸ್ಟ್ಯಾಟಿನ್ 40 ಮಿ.ಗ್ರಾಂ. ಪಡೆದವರದು 95ರಲ್ಲಿ ನಿಂತಿತು. ಸಾವು, ಮತ್ತೆ ಹೃದಯಾಘಾತದಂಥ ಅನಾಹುತಗಳು ಮೊದಲನೆಯ ಗುಂಪಿನಲ್ಲಿ ಶೇ 16ರಷ್ಟು ಕಡಿಮೆ.

ತರಬೇತಿಯ ದಿನಗಳಲ್ಲಿ ಕಂಡದ್ದು ನನಗೆ ಇದಕ್ಕಿಂತ ಗಟ್ಟಿಯಾಗಿ ನೆನಪಿದೆ. ಬಿ.ಪಿ. ಪಟ್ಟಿಯಿಂದ ಕೈಯನ್ನು ಐದು ನಿಮಿಷ ಬಿಗಿದು ಸಡಿಲಿಸಿದರೆ ರಕ್ತ ನುಗ್ಗುತ್ತದೆ. ಆರೋಗ್ಯವಂತರ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ನಾಳ ಹಿಗ್ಗುತ್ತದೆ. ಅಲ್ಟ್ರಾಸೌಂಡಿನಲ್ಲಿ ಅದನ್ನು ಅಳೆಯುತ್ತಿದ್ದೆ. ಈಚೆಗೆ ಹೃದಯಾಘಾತವಾದವರಲ್ಲಿ ನಾಳ ಹಿಗ್ಗಲು ಮರೆತಂತೆ ಇರುತ್ತಿತ್ತು. ಕಾಯಿಲೆ ಸ್ಟೆಂಟ್ ಕೂತ ಜಾಗದಲ್ಲಷ್ಟೇ ಇಲ್ಲ, ತೋಳಿನವರೆಗೂ ಇದೆ ಎಂಬುದು ಅಲ್ಲಿ ಕಣ್ಣಿಗೇ ಕಂಡಿತು. ಸ್ಟ್ಯಾಟಿನ್ ಕೊಟ್ಟರೆ ಆರೇ ವಾರದಲ್ಲಿ ಈ ಹಿಗ್ಗುವಿಕೆ ಸುಧಾರಿಸುತ್ತದೆಂದು 1999ರ ಅಧ್ಯಯನವೊಂದು ತೋರಿಸಿತ್ತು. ರೋಗಿಗಳಿಗೆ ಈಗ ನಾನು ಹೇಳುವುದು ಈ ಒಳಪದರದ ಕಥೆಯನ್ನೇ.

ಮೈಕೈ ನೋವು ಎಂದು ಬಂದವರನ್ನು ಗದರುವುದಿಲ್ಲ. 2020ರ ಸ್ಯಾಮ್ಸನ್ ಅಧ್ಯಯನದಲ್ಲಿ, ಸ್ಟ್ಯಾಟಿನ್ನಿನಿಂದ ಆದ ತೊಂದರೆಯ ಶೇ 90ರಷ್ಟು ಔಷಧವಿಲ್ಲದ ಹುಸಿ ಮಾತ್ರೆಯಲ್ಲೂ ಕಂಡಿತ್ತು. ಹಾಗೆಂದು ನೋವು ಸುಳ್ಳಲ್ಲ. ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಸಿಕೆ ರಕ್ತಪರೀಕ್ಷೆ, ಥೈರಾಯ್ಡ್ ನೋಡುತ್ತೇನೆ, ಬೇಕಾದರೆ ಕೆಲವು ವಾರ ನಿಲ್ಲಿಸಿ ಬೇರೆ ಸ್ಟ್ಯಾಟಿನ್ ಕೊಡುತ್ತೇನೆ. ತಾವಾಗಿಯೇ ನಿಲ್ಲಿಸಬೇಡಿ, ಮೊದಲು ನನಗೆ ಹೇಳಿ ಎಂದು ಬೇಡಿಕೊಳ್ಳುತ್ತೇನೆ.

ಡಿಸ್ಚಾರ್ಜ್ ಚೀಟಿಯ ಮೇಲೆ ಎರಡು ವಿಷಯ ದಪ್ಪಕ್ಷರದಲ್ಲಿ ಬರೆಯುತ್ತೇನೆ: ಎಲ್‌ಡಿಎಲ್ 55ರ ಕೆಳಗೆ, ಮತ್ತೆ ರಕ್ತಪರೀಕ್ಷೆಗೆ ಬರಬೇಕಾದ ತಾರೀಖು. ನಾಲ್ಕರಿಂದ ಆರು ವಾರದೊಳಗಿನ ತಾರೀಖು ಅದು. ಗುರಿ ಮುಟ್ಟದಿದ್ದರೆ, ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಗ್ಗಿಸುವ ಎಝೆಟಿಮೈಬ್ 10 ಮಿ.ಗ್ರಾಂ. ಮಾತ್ರೆ ಸೇರಿಸುತ್ತೇನೆ. ಸ್ಟ್ಯಾಟಿನ್ ಡೋಸ್ ದುಪ್ಪಟ್ಟು ಮಾಡಿದರೂ ಎಲ್‌ಡಿಎಲ್ ಇಳಿಯುವುದು ಇನ್ನು ಶೇ 6ರಷ್ಟು ಮಾತ್ರ.

ಮಾತ್ರೆ ಬಿಟ್ಟಿದ್ದವರು ಮತ್ತೆ ಶುರು ಮಾಡಿ ಆರನೇ ವಾರಕ್ಕೆ ಸರಿಯಾಗಿ ಬಂದರು. ಎಲ್‌ಡಿಎಲ್ 68. "ಇದು ನಾರ್ಮಲ್ ಅಲ್ವಾ ಡಾಕ್ಟ್ರೇ?" ಎಂದು ಕೇಳಿದವರು, ನಾನು ಬಾಯಿ ತೆರೆಯುವ ಮೊದಲೇ ಚೀಟಿ ತಿರುಗಿಸಿ 55ರ ಮೇಲೆ ಬೆರಳಿಟ್ಟರು. ಎರಡನೇ ಮಾತ್ರೆ ಬರೆದುಕೊಟ್ಟೆ.