ದೇವರ ಶಾಲೆಯಲ್ಲಿ ಬಾಯಿ ಮುಚ್ಚಲು ಕಲಿತೆ

ನಾನು ಓದಿದ ದೇವತಾಶಾಸ್ತ್ರದ ಶಾಲೆಯಲ್ಲಿ ಎಲ್ಲ ಧರ್ಮದವರೂ ಇದ್ದರು, ನಾಸ್ತಿಕರೂ ಇದ್ದರು. ಎಲ್ಲ ಧರ್ಮಗಳೂ ಹೇಳೋದು ಒಂದನ್ನೇ ಅಂತ ಮೊದಲ ವಾರವೇ ತರಗತಿಯಲ್ಲಿ ಗತ್ತಿನಿಂದ ಹೇಳಿಬಿಟ್ಟೆ. ಪಕ್ಕದಲ್ಲಿದ್ದ ಯಹೂದಿ ಗೆಳತಿ ನಕ್ಕಳು. "ಹಾಗಾದ್ರೆ ನನ್ನ ಪುಸ್ತಕ ಓದೋದೇ ಬೇಡ, ನಿನ್ನದು ಓದಿದ್ರೆ ಸಾಕು, ಅಲ್ವಾ?" ಉತ್ತರ ಹೊಳೆಯಲಿಲ್ಲ.

ಆ ವರ್ಷ ಓದಿಗೆ ಅವಳೇ ನನ್ನ ಜೊತೆ. ಯಹೂದಿಗಳಲ್ಲಿ ಹೆವ್ರುತಾ ಅಂತ ಒಂದು ಪದ್ಧತಿ ಇದೆ. ಇಬ್ಬರು ಎದುರುಬದುರು ಕೂತು ಗಟ್ಟಿಯಾಗಿ ಓದಬೇಕು, ಆಮೇಲೆ ವಾದಕ್ಕೆ ಇಳಿಯಬೇಕು. ಒಪ್ಪಲೇಬೇಕು ಅಂತೇನಿಲ್ಲ. ನಾವು ಹಿಡಿದದ್ದು ಅಬ್ರಹಾಮ ದೇವರ ಅಪ್ಪಣೆಯಂತೆ ಮಗನನ್ನು ಬಲಿ ಕೊಡಲು ಹೊರಟ ಕಥೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 22ನೇ ಅಧ್ಯಾಯದಲ್ಲಿ ಆ ಮಗ ಇಸಾಕ. ಕುರಾನಿನ 37ನೇ ಅಧ್ಯಾಯದಲ್ಲಿ ಬಲಿಗೆ ಹೊರಟ ಮಗನ ಹೆಸರು ಹೇಳಿಲ್ಲ. ಇಸ್ಮಾಯಿಲ್ ಎಂದು ಹೆಚ್ಚಿನ ಮುಸ್ಲಿಮರು ನಂಬುತ್ತಾರೆ. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದನ್ನು ತೋರಿಸಿದ್ದು ಮುಸ್ಲಿಂ ಸಹಪಾಠಿ. ಕುರಾನಿನಲ್ಲಿ ತಂದೆ ತನ್ನ ಕನಸನ್ನು ಮಗನಿಗೆ ಹೇಳಿ, ನೀನೇನಂತೀಯ ಎಂದು ಕೇಳುತ್ತಾನೆ. ಮಗ ಒಪ್ಪುತ್ತಾನೆ. ಆದಿಕಾಂಡದಲ್ಲಿ ಕೇಳೋದು ಮಗ: ಬೆಂಕಿ ಇದೆ, ಕಟ್ಟಿಗೆ ಇದೆ, ಕುರಿ ಎಲ್ಲಿ? ತಂದೆ ನೇರವಾಗಿ ಹೇಳುವುದಿಲ್ಲ. ಎಷ್ಟು ಬೇರೆ ಬೇರೆ ಮಕ್ಕಳು! ಬೌದ್ಧ ಸಹಪಾಠಿಯ ಚಿಂತೆಯೇ ಬೇರೆ. "ಕೊನೆಗೆ ಮಗನ ಬದಲು ಸತ್ತದ್ದು ಟಗರು. ಅದರ ಬಗ್ಗೆ ಯಾರೂ ಮಾತಾಡ್ತಿಲ್ವಲ್ಲ?"

ಪ್ರಗತಿಪರ ಶಾಲೆ ಅಂದ ಮಾತ್ರಕ್ಕೆ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಸಾಮೂಹಿಕ ಪ್ರಾರ್ಥನೆ ಬರೆಯಲು ಕೂತರೆ 'ದೇವರು' ಎಂಬ ಪದದ ಮೇಲೇ ಅರ್ಧ ಗಂಟೆ ಚರ್ಚೆ. ಕೊನೆಗೆ ಸಿದ್ಧವಾಗುತ್ತಿದ್ದದ್ದು ಯಾರಿಗೂ ನೋವಾಗದ, ಯಾರದ್ದೂ ಅಲ್ಲದ ಸಪ್ಪೆ ಪ್ರಾರ್ಥನೆ. ಅದನ್ನು ಕೈಬಿಟ್ಟೆವು. ವಾರಕ್ಕೊಬ್ಬರು ತಮ್ಮ ಪದ್ಧತಿಯಲ್ಲೇ ನಡೆಸೋದು, ಉಳಿದವರು ಅತಿಥಿಗಳ ಹಾಗೆ ಸುಮ್ನೆ ಕೂರೋದು. ಇದು ಎಷ್ಟೋ ವಾಸಿ.

ಸುಮ್ನೆ ಕೂರೋದು ನಿಜಕ್ಕೂ ಕಷ್ಟವಾದದ್ದು ಆಸ್ಪತ್ರೆಯ ತರಬೇತಿಯಲ್ಲಿ. ರೋಗಿಗಳ ಪಕ್ಕ ಕೂತು ಅವರ ಮಾತು ಕೇಳೋದನ್ನು, ಮನಸ್ಸಿಗೆ ಆಸರೆಯಾಗೋದನ್ನು ಅಲ್ಲಿ ಕಲಿಯಬೇಕು. ತರಬೇತಿಯ ಒಂದು ಹಂತಕ್ಕೆ ಯೂನಿಟ್ ಅಂತಾರೆ; ಒಂದು ಯೂನಿಟ್ ಅಂದರೆ 400 ಗಂಟೆ. 1925ರಲ್ಲಿ ಅಮೆರಿಕದ ಒಂದು ಮಾನಸಿಕ ಆಸ್ಪತ್ರೆಗೆ ದೇವತಾಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಇಂಥ ತರಬೇತಿಗೆ ದಾರಿ ಹಾಕಿದವರು ಆಂಟನ್ ಬೋಯ್ಸನ್. ಸ್ವತಃ ಮಾನಸಿಕ ರೋಗಿಯಾಗಿ ಆಸ್ಪತ್ರೆಯಲ್ಲಿದ್ದು ಬಂದವರು. ಗ್ರಂಥ ಓದುವಷ್ಟೇ ಗಮನ ಕೊಟ್ಟು ಮನುಷ್ಯರನ್ನು ಓದಬೇಕು ಅನ್ನೋದು ಅವರ ನಿಲುವು.

ನಾವು ವಾರ್ಡಿನಿಂದ ಬಂದು, ನಡೆದ ಮಾತುಕತೆಯನ್ನು ನೆನಪಿನಿಂದ ಅಕ್ಷರಶಃ ಬರೆಯಬೇಕಿತ್ತು: ಅವರು ಹೇಳಿದ್ದು, ನಾನು ಹೇಳಿದ್ದು. ಇದಕ್ಕೆ ವರ್ಬೇಟಿಮ್ ಅಂತಾರೆ. ನನ್ನ ಮೊದಲ ಹಾಳೆಯಲ್ಲಿ ರೋಗಿಯದ್ದು ನಾಲ್ಕು ಸಾಲು, ನನ್ನದು ಹನ್ನೊಂದು. "ಮೂರು ರಾತ್ರಿಯಿಂದ ಲೈಟ್ ಆರಿಸಿಲ್ಲ" ಅಂದಿದ್ದರು ಆ ಹಿರಿಯರು. ನಾನು ತಕ್ಷಣ "ಪ್ರಾರ್ಥನೆ ಮಾಡೋಣವೇ?" ಅಂದಿದ್ದೆ. ಮಾರ್ಗದರ್ಶಕರು ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಬರೆದರು: "ಇಲ್ಲಿ ಹೆದರಿದ್ದು ಯಾರು?"

ಮಾರನೇ ದಿನ ಮತ್ತೆ ಹೋದೆ. ಲೈಟ್ ಯಾಕೆ ಆರಿಸಲ್ಲ ಅಂತ ಕೇಳಿದೆ, ಅಷ್ಟೇ. ಮುಕ್ಕಾಲು ಗಂಟೆ ಮಾತಾಡಿದರು. ದೇವರ ಹೆಸರು ಒಮ್ಮೆಯೂ ಬರಲಿಲ್ಲ. ಹೊರಡುವಾಗ, ನಾಳೆಯೂ ಬರ್ತೀರಾ ಅಂದರು.