ದಾಳಿಂಬೆ ಗಿಡ ನನ್ನ ಲೇಖನ ಓದಲಿಲ್ಲ

"ವಿಜ್ಞಾನ ಬರೀಬೇಕಂದ್ರ ಬೆಂಗಳೂರಾಗ ಇರಬೇಕೋ ತಮ್ಮಾ. ಇಲ್ಲೇನೈತಿ, ಬಿಸಲು." ನಮ್ಮ ಪತ್ರಿಕೆಯ ಡೆಸ್ಕಿನ ಹಿರಿಯರು ಹೀಗಂದು ಆರು ವರ್ಷ ಆಗಿರಬೇಕು. ಈಗ ನನ್ನ ಸಂಪಾದನೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ವಿಜ್ಞಾನ ಬರಹದಿಂದ ಬರುತ್ತದೆ. ವಿಜಯಪುರ ಬಿಟ್ಟಿಲ್ಲ. ಬಿಸಿಲೂ ಹಾಗೇ ಇದೆ.

ಮೊದಲು ದುಡ್ಡು ಕಳೆದ ಕಥೆ. ವರ್ಷದ ಡಿಪ್ಲೊಮಾ ಮಾಡೋಣ ಅಂತ ಒಂದೆರಡು ಕಡೆ ವಿಚಾರಿಸಿದೆ. ಲಕ್ಷಗಟ್ಟಲೆ ಫೀ ಕೇಳಿ ಸುಮ್ಮನಾದೆ. ಕೊನೆಗೆ ಬೆಂಗಳೂರಿನ ಒಂದು ಮೂರು ದಿನದ ಶಿಬಿರಕ್ಕೆ ಹೋದೆ. ಫೀ, ಬಸ್ಸು, ಲಾಡ್ಜು, ಊಟ ಎಲ್ಲಾ ಸೇರಿ 17-18 ಸಾವಿರ ಹೋಯಿತು. ಕಲಿಸಿದ್ದೇನು? ಲೀಡ್, ಅಂದರೆ ಸುದ್ದಿಯ ಆರಂಭದ ಸಾಲು, ಬರೆಯುವುದು ಹೇಗೆ ಅಂತ. ಎಂಟು ವರ್ಷ ಸ್ಟ್ರಿಂಗರ್ (ಸಂಬಳವಿಲ್ಲದೆ ಸುದ್ದಿಗಿಷ್ಟು ಅಂತ ಬರೆಯುವ ವರದಿಗಾರ) ಆಗಿ ಲೀಡ್ ಬರೆದವನಿಗೆ! ಒಂದು ಸಂಶೋಧನಾ ಪ್ರಬಂಧದ ಒಂದೇ ಒಂದು ಟೇಬಲ್ಲನ್ನೂ ಬಿಚ್ಚಿ ತೋರಿಸಲಿಲ್ಲ. ಸರ್ಟಿಫಿಕೇಟ್ ಮಾತ್ರ ಚೆಂದ ಇದೆ, ಲ್ಯಾಮಿನೇಶನ್ ಮಾಡಿಸಿದ್ದೇನೆ.

ಆಮೇಲೆ ಪುಕ್ಕಟೆ ಸಿಗುವುದನ್ನು ಹುಡುಕಿದೆ. ವಿಜ್ಞಾನ ಪತ್ರಕರ್ತರ ವಿಶ್ವ ಒಕ್ಕೂಟದ ಆನ್‌ಲೈನ್ ಕೋರ್ಸ್ ಇದೆಯಲ್ಲ, ಅದನ್ನು ಮೊಬೈಲಿನಲ್ಲೇ ಓದಿ ಮುಗಿಸಿದೆ. ದಿ ಓಪನ್ ನೋಟ್‌ಬುಕ್ ಅನ್ನುವ ವಿಜ್ಞಾನ ಬರಹಗಾರರ ಜಾಲತಾಣದವರು ಸಂಪಾದಕರು ಒಪ್ಪಿದ ಪಿಚ್‌ಗಳನ್ನು, ಅಂದರೆ ಲೇಖನದ ಪ್ರಸ್ತಾವಗಳನ್ನು, ಇದ್ದ ಹಾಗೇ ಹಾಕಿದ್ದಾರೆ. ಅವುಗಳಲ್ಲಿ ಸುಮಾರು 40 ಪಿಚ್ ಕೈಯಲ್ಲಿ ಬರೆದು ತೆಗೆದೆ. ಕನ್ನಡದ ಹದಕ್ಕೆ ರದ್ದಿ ಅಂಗಡಿಯೇ ಗತಿ. ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ದ ಹಳೆ ಸಂಚಿಕೆಗಳು ತೂಕದ ಲೆಕ್ಕದಲ್ಲಿ ಸಿಕ್ಕವು, 90 ರೂಪಾಯಿ ಕೊಟ್ಟ ನೆನಪು. ಆ 17 ಸಾವಿರಕ್ಕಿಂತ ಈ 90 ರೂಪಾಯಿ ಜಾಸ್ತಿ ಕಲಿಸಿತು.

ಆದರೆ ನಿಜವಾಗಿ ಕಲಿತದ್ದು ಬೈಸಿಕೊಂಡ ಮೇಲೆ. ದಾಳಿಂಬೆಯ ದುಂಡಾಣು ಅಂಗಮಾರಿ ರೋಗ ನಮ್ಮ ಕಡೆ ಎಷ್ಟು ತೋಟ ಕೆಡಿಸಿದೆ ಅಂತ ಎಲ್ಲರಿಗೂ ಗೊತ್ತು. ಒಂದು ಸಸ್ಯದ ರಸ ಅದರ ಜಾಂತೊಮೊನಾಸ್ ಬ್ಯಾಕ್ಟೀರಿಯಾವನ್ನು ತಡೆಯಿತು ಅನ್ನುವ ಪ್ರಬಂಧ ಸಿಕ್ಕಿತು. ತಡೆದದ್ದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ. ನಾನು 'ಅಂಗಮಾರಿಗೆ ಸಿಕ್ಕಿತು ಮದ್ದು' ಅಂತ ಹೆಡ್ಡಿಂಗ್ ಕೊಟ್ಟು ಬರೆದೆ. 600 ರೂಪಾಯಿ ಬಂತು. ತಿಂಗಳೊಪ್ಪತ್ತಿನಲ್ಲಿ ತಿಕೋಟಾ ಕಡೆಯ ರೈತರೊಬ್ಬರ ಫೋನು: "ಸರ, ನೀವು ಬರದದ್ದು ನಾ ಓದೀನಿ. ನಮ್ಮ ಗಿಡಾ ಓದಿಲ್ರಿ." ರಸ ಹಿಂಡಿಸಿ, ಕೂಲಿ ಕೊಟ್ಟು ಎರಡು ಸಲ ಹೊಡೆಸಿದ್ದರು. ಏನು ಹೇಳಲಿ? ಒಂದು ವಾರ ಗೊತ್ತಿಲ್ಲದ ನಂಬರ್ ಬಂದರೆ ಎತ್ತಲಿಲ್ಲ.

ಅವತ್ತು ಒಂದು ರೂಲ್ ವಹಿ ತಂದೆ. ತಪ್ಪಿನ ವಹಿ. ಎಡಕ್ಕೆ ನಾನು ಬರೆದದ್ದು, ಬಲಕ್ಕೆ ಪ್ರಬಂಧದಲ್ಲಿ ಇದ್ದದ್ದು. ವಾರಕ್ಕೊಂದು ಪ್ರಬಂಧ, ತಪ್ಪಿಸುವ ಹಾಗಿಲ್ಲ. ಸಾರಾಂಶ ಕೊನೆಗೆ, ಮೊದಲು ವಿಧಾನ, ಆಮೇಲೆ ಟೇಬಲ್. ಪ್ರಯೋಗ ತಟ್ಟೆಯಲ್ಲೋ, ಕುಂಡದಲ್ಲೋ, ಹೊಲದಲ್ಲೋ? ಎಷ್ಟು ಗಿಡ, ಎಷ್ಟು ಹಂಗಾಮು? ಶನಿವಾರ ಸಂಜೆ ಅದನ್ನು ನಮ್ಮ ಕಾಕಾಗೆ ಹೇಳುವುದು. ಕಾಕಾ ಇಂಡಿ ಕಡೆ ಲಿಂಬೆ ಬೆಳೆಯುವವರು, ಓದಿದ್ದು ಏಳನೇ ಇಯತ್ತೆ. ಅವರು ಅಡಿಕೆ ಕತ್ತರಿಸುವುದು ನಿಲ್ಲಿಸಿದರೆ ಲೇಖನ ಇದೆ ಅಂತ ಲೆಕ್ಕ. ಇಲ್ಲದಿದ್ದರೆ ಮತ್ತೆ ಬರೆಯಬೇಕು.

ಅಂಕಿಸಂಖ್ಯೆ ಬಹಳ ಕಾಡಿತು. ಒಮ್ಮೆ 'ಈ ಮಾತ್ರೆಯಿಂದ ಅಪಾಯ ಅರ್ಧಕ್ಕೆ ಇಳಿಯಿತು' ಅಂತ ಬರೆದಿದ್ದೆ. ನೋಡಿದರೆ 100 ಜನರಲ್ಲಿ 2 ಇದ್ದದ್ದು 1 ಆಗಿತ್ತು. ಅರ್ಧವೇ, ಸುಳ್ಳಲ್ಲ. ಆದರೆ ಓದಿದವರು ಏನು ತಿಳಿದುಕೊಳ್ಳುತ್ತಾರೆ? ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುವ ಗೆಳೆಯನ ಹತ್ತಿರ ನಾಲ್ಕು ತಿಂಗಳು ಭಾನುವಾರ ಕೂತೆ. ಫೀ ಅಂದರೆ ಗಿರಮಿಟ್ಟು, ಚಹಾ.

ನಡುವೆ ಒಂದು ಹುಚ್ಚು. ಮಳೆ ವರದಿ ಪರೀಕ್ಷೆ ಮಾಡೋಣ ಅಂತ ಮಾಳಿಗೆ ಮೇಲೆ ಡಬ್ಬಿ ಇಟ್ಟೆ. ನೇರ ಗೋಡೆಯ ಡಬ್ಬಿ ಆದರೆ ಸಾಕು, ಅಳತೆಪಟ್ಟಿಯಲ್ಲೇ ಮಿಲಿಮೀಟರ್ ನೋಡಬಹುದು. ಒಂದು ಮಿಲಿಮೀಟರ್ ಅಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಮೂರು ವಾರ ಚೆನ್ನಾಗಿ ನಡೆಯಿತು. ಆಮೇಲೆ ಡಬ್ಬಿಯಲ್ಲಿ ಪಾರಿವಾಳ ಸ್ನಾನ ಮಾಡುತ್ತಿರುವುದು ಗೊತ್ತಾಯಿತು. ಆದರೂ 'ಮಳೆ ಅಳೆಯುವುದು ಹೇಗೆ' ಅನ್ನುವ ಬರಹಕ್ಕೆ 800 ರೂಪಾಯಿ ಬಂತು.

ಹಿಟ್ನಳ್ಳಿ ಕೃಷಿ ಸಂಶೋಧನಾ ಕೇಂದ್ರಕ್ಕೆ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಹೋಗುವುದನ್ನೇ ನಾನು ನನ್ನ ಕಾಲೇಜು ಅಂದುಕೊಂಡೆ. ಕೃಷಿ ಮೇಳದ ದಿನ ಹೋಗಬೇಡಿ, ವಿಜ್ಞಾನಿಗಳಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ಮೇಳ ಮುಗಿದ ವಾರ ಹೋಗಿ. ಫೋನ್ ಎತ್ತದ ವಿಜ್ಞಾನಿಯನ್ನು ಮಾತಿಗೆಳೆಯಲು ನನ್ನ ಹತ್ತಿರ ಒಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಹೊಟ್ಟೆಪಾಡಿನ ಮಾತು.

ಎರಡೂವರೆ ವರ್ಷದ ಹೊತ್ತಿಗೆ ಬೆಂಗಳೂರಿನ ಸಂಪಾದಕರೊಬ್ಬರು ನನ್ನ ಲಿಂಬೆ ಲೇಖನವನ್ನು ಒಂದೇ ಒಂದು ಪ್ರಶ್ನೆ ಕೇಳಿ ಒಪ್ಪಿಕೊಂಡರು. 4 ಸಾವಿರ ಕೊಟ್ಟರು. ಡೆಸ್ಕಿನ ಹಿರಿಯರಿಗೆ ಚೆಕ್ಕಿನ ಫೋಟೊ ಕಳಿಸಿದೆ, ಸಣ್ಣತನ ಅಂದರೂ ಸರಿ. "ಬಿಸಲಾಗೂ ಬೆಳೀತೈತಿ ಅನ್ನು" ಅಂತ ಬರೆದರು.

ಈಗ ಎರಡನೇ ವಹಿ ನಡೆದಿದೆ. ಅದರ ಮೊದಲ ಸಾಲು: ಹೆಕ್ಟೇರಿನ ಇಳುವರಿಯನ್ನು ಎಕರೆಯದು ಅಂತ ಬರೆದದ್ದು. ಅಚ್ಚಾಗುವ ಮೊದಲೇ ಹಿಡಿದವರು ಕಾಕಾ.