ಹಳೆಯ ಅಂಬಾಸಿಡರ್‌ನ ಸವೆದ ಸ್ಪ್ರಿಂಗ್ ಬುಷ್ ತೆಗೆಯುವುದು ಹೇಗೆ?

ಹಳೆಯ ಅಂಬಾಸಿಡರ್ ಕಾರನ್ನು ಮತ್ತೆ ರಸ್ತೆಗಿಳಿಸುವವರು ಬಣ್ಣಕ್ಕೂ ಕ್ರೋಮಿಗೂ ಕೊಡುವ ಗಮನದ ಅರ್ಧವನ್ನೂ ಹಿಂಬದಿಯ ಲೀಫ್ ಸ್ಪ್ರಿಂಗ್‌ನ (ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಬುಷ್‌ಗಳಿಗೆ, ಅಂದರೆ ಅದರ ತುದಿಗಳಲ್ಲಿ ಬೋಲ್ಟಿನ ಸುತ್ತ ಕೂರುವ ರಬ್ಬರ್ ತುಂಡುಗಳಿಗೆ, ಕೊಡುವುದಿಲ್ಲ. ಕೊಡುವವರಲ್ಲೂ ಅನೇಕರು ಗ್ಯಾಸ್ ಟಾರ್ಚ್‌ನಿಂದ ರಬ್ಬರನ್ನು ಸುಡಿಸಿಬಿಡುತ್ತಾರೆ. ಇದನ್ನು ಖಂಡಿತ ಮಾಡಿಸಬೇಡಿ. ಕೆಂಪಗೆ ಕಾದ ಜಾಗದಲ್ಲಿ ಸ್ಪ್ರಿಂಗ್ ಉಕ್ಕಿನ ಹದ ಕೆಡುತ್ತದೆ, ಮುಂದೆ ಪ್ಲೇಟು ಅಲ್ಲಿಯೇ ಸೀಳುತ್ತದೆ. ಸಾಲದ್ದಕ್ಕೆ ಪೆಟ್ರೋಲ್ ಟ್ಯಾಂಕ್ ಇರುವುದೂ ಕಾರಿನ ಹಿಂಭಾಗದಲ್ಲೇ. ತಯಾರಿಕೆ 2014ರಲ್ಲಿ ನಿಂತ ಈ ಕಾರಿಗೆ ಒಳ್ಳೆಯ ಸ್ಪ್ರಿಂಗ್ ಹುಡುಕುವುದಕ್ಕಿಂತ, ಇರುವುದನ್ನು ಕೆಡಿಸದೆ ಬುಷ್ ತೆಗೆಯುವುದೇ ಮೇಲು.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ, ಬಾಡಿಯಡಿಯ ಗಟ್ಟಿ ಭಾಗಕ್ಕೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ. ಜಾಕ್ ಒಂದನ್ನೇ ನಂಬಿ ಕಾರಿನಡಿಗೆ ಹೋಗಕೂಡದು. ಆಕ್ಸಲ್‌ನಡಿಗೆ ಇನ್ನೊಂದು ಜಾಕ್ ಇಟ್ಟು, ಸ್ಪ್ರಿಂಗ್ ಮೇಲಿನ ಭಾರ ಇಳಿಯುವಷ್ಟು ಮಾತ್ರ ಎತ್ತಿಹಿಡಿಯಿರಿ. ಹಿಂದಿನ ದಿನವೇ ಎಲ್ಲ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದರೆ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದಿರುವ ಯು-ಬೋಲ್ಟ್ ಮತ್ತು ಸ್ಪ್ರಿಂಗ್‌ನ ಹಿಂದಿನ ತುದಿಯನ್ನು ಕಾರಿಗೆ ಜೋಡಿಸುವ ಕೊಂಡಿಯಾದ ಶ್ಯಾಕಲ್ ಸುಲಭವಾಗಿ ಬಿಚ್ಚಿಕೊಳ್ಳುತ್ತವೆ. ಶ್ಯಾಕಲ್‌ನ ರಬ್ಬರ್ ಬುಷ್‌ಗಳು ಕೈಯಲ್ಲೇ ಬರುತ್ತವೆ.

ಕಷ್ಟವಿರುವುದು ಸ್ಪ್ರಿಂಗ್‌ನ ಮುಂದಿನ ಕಣ್ಣಿನಲ್ಲಿ, ಅಂದರೆ ಬೋಲ್ಟ್ ತೂರಲು ಪ್ಲೇಟಿನ ತುದಿಯನ್ನು ಸುರುಳಿ ಸುತ್ತಿ ಮಾಡಿದ ತೂತಿನಲ್ಲಿ. ಅಲ್ಲಿರುವ ಸೈಲೆಂಟ್ ಬ್ಲಾಕ್ ಬುಷ್‌ನಲ್ಲಿ ಎರಡು ಉಕ್ಕಿನ ಕೊಳವೆಗಳ ನಡುವೆ ರಬ್ಬರ್ ಇರುತ್ತದೆ. ಬೋಲ್ಟ್ ಒಳಕೊಳವೆಗೆ ತುಕ್ಕಿನಿಂದ ಅಂಟಿದ್ದರೆ ನೀವು ಸ್ಪ್ಯಾನರ್ ತಿರುಗಿಸಿದಂತೆ ಎರಡೂ ಒಟ್ಟಿಗೆ ತಿರುಗುತ್ತವೆ, ಬೋಲ್ಟ್ ಮಾತ್ರ ಹೊರಬರುವುದಿಲ್ಲ. ಆಗ ಸುತ್ತಿಗೆಯಿಂದ ಬಡಿಯಬೇಡಿ, ಕಣ್ಣಿನ ಸುರುಳಿ ಬಿಚ್ಚಿಕೊಳ್ಳುತ್ತದೆ. ಕಣ್ಣನ್ನು ಕಾರಿಗೆ ಹಿಡಿದಿರುವ ಬ್ರಾಕೆಟ್ ಮತ್ತು ಕಣ್ಣಿನ ನಡುವಿನ ಸಂದಿಯಲ್ಲಿ ಬರಿಯ ಹ್ಯಾಕ್ಸಾ ಬ್ಲೇಡ್ ತೂರಿಸಿ ಬೋಲ್ಟನ್ನು ಎರಡೂ ಬದಿ ಕೊಯ್ಯಿರಿ. ಕಿಡಿ ಹಾರಿಸುವ ಗ್ರೈಂಡರ್ ಟ್ಯಾಂಕಿನ ಹತ್ತಿರ ಬೇಡ.

ಸ್ಪ್ರಿಂಗನ್ನು ಹೊರತೆಗೆದು ವೈಸ್‌ಗೆ ಬಿಗಿದ ಮೇಲೆ, ರಬ್ಬರಿನ ಸುತ್ತ ಸಣ್ಣ ಡ್ರಿಲ್ ಬಿಟ್‌ನಿಂದ ಒತ್ತೊತ್ತಾಗಿ ತೂತು ಕೊರೆದರೆ ಒಳಕೊಳವೆ ರಬ್ಬರ್ ಸಮೇತ ಸಡಿಲವಾಗಿ ಹೊರಬೀಳುತ್ತದೆ. ಉಳಿಯುವ ಹೊರಕೊಳವೆಯನ್ನು ಅನೇಕರು ಗಮನಿಸುವುದೇ ಇಲ್ಲ; ಅದನ್ನೇ ಕಣ್ಣಿನ ಗೋಡೆಯೆಂದು ತಿಳಿದು, ಹೊಸ ಬುಷ್ ಹಿಡಿಸುತ್ತಿಲ್ಲವೆಂದು ಅಂಗಡಿಯವನ ಮೇಲೆ ರೇಗುತ್ತಾರೆ. ಬ್ಲೇಡನ್ನು ಫ್ರೇಮಿನಿಂದ ಬಿಚ್ಚಿ, ಕಣ್ಣಿನೊಳಗೆ ತೂರಿಸಿ, ಮತ್ತೆ ಫ್ರೇಮಿಗೆ ಸೇರಿಸಿ, ಕೊಳವೆಯ ಉದ್ದಕ್ಕೂ ಒಂದು ಗೀರು ಕೊಯ್ಯಿರಿ. ಆಗಾಗ ನಿಲ್ಲಿಸಿ ಎರಡೂ ತುದಿಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಿ: ಹೊಳೆಯುವ ಹೊಸ ಲೋಹದ ತಳದಲ್ಲಿ ತುಕ್ಕಿನ ಕಂದು ಗೆರೆ ಕಾಣಿಸಿತೆಂದರೆ ಕೊಳವೆಯ ದಪ್ಪ ಅಲ್ಲಿಗೆ ಮುಗಿಯಿತು, ಅದರಾಚೆ ಇರುವುದು ಸ್ಪ್ರಿಂಗ್. ಅದಕ್ಕೆ ಗಾಯವಾದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆಯಾದ್ದರಿಂದ, ಕೂದಲೆಳೆಯಷ್ಟು ಉಳಿಸಿಯೇ ನಿಲ್ಲಿಸುವುದು ಕ್ಷೇಮ. ಬಳಿಕ ಕಿರಿದಾದ ಚಾಣದಿಂದ ಗೀರಿನ ಅಂಚನ್ನು ಒಳಕ್ಕೆ ಮಡಚಿ ಹಗುರವಾಗಿ ತಟ್ಟಿದರೆ ಕೊಳವೆ ಕುಗ್ಗಿ ಜಾರುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ, ಹೊಸ ಬುಷ್ ಕೊಳ್ಳುವ ಮೊದಲು ಒಳಕೊಳವೆಯನ್ನು ತಿರುಗಿಸಿ ನೋಡಿ. ಅದು ಸಲೀಸಾಗಿ ಸುತ್ತಿದರೆ ರಬ್ಬರ್ ಹಿಡಿದಿಲ್ಲವೆಂದೇ ಅರ್ಥ, ವಾಪಸು ಕೊಡಿ. ಪಾಲಿಯುರೆಥೇನ್ ಬುಷ್‌ಗಳು ಬಾಳಿಕೆ ಬಂದರೂ ರಸ್ತೆಯ ಅದುರನ್ನೆಲ್ಲ ಒಳಗೆ ತರುತ್ತವೆ. ಮೆತ್ತಗಿನ ಓಟಕ್ಕೆ ಹೆಸರಾದ ಕಾರಿಗೆ ರಬ್ಬರನ್ನೇ ಹಾಕಬೇಕು.

ಕಣ್ಣನ್ನು ಉಪ್ಪುಕಾಗದದಿಂದ ಉಜ್ಜಿ, ಹೊರಕೊಳವೆಯ ಅಂಚಿಗೆ ಕೂರುವ ಸಾಕೆಟ್ ಇಟ್ಟು ವೈಸ್‌ನಲ್ಲಿ ಒತ್ತಿ ಹೊಸ ಬುಷ್ ಕೂರಿಸಿ. ಶ್ಯಾಕಲ್ ರಬ್ಬರಿಗೆ ಸಾಬೂನು ನೀರು ಸಾಕು. ಗ್ರೀಸ್ ತಗುಲಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಹೊಸ ಬೋಲ್ಟುಗಳನ್ನು ಈಗ ಕೈಬಿಗಿಯಷ್ಟೇ ಹಾಕಿ. ಯು-ಬೋಲ್ಟ್ ಬಿಗಿದು, ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ಹಿಂಭಾಗವನ್ನು ಅದುಮಿ ಅದುಮಿ ಬಿಟ್ಟು ಸ್ಪ್ರಿಂಗ್ ತನ್ನ ಸ್ಥಿತಿಗೆ ಬಂದ ಮೇಲೆಯೇ ಬುಷ್‌ನ ಬೋಲ್ಟುಗಳನ್ನು ಪೂರ್ತಿ ಬಿಗಿಯಿರಿ. ಗಾಳಿಯಲ್ಲಿ ತೂಗುವಾಗಲೇ ಬಿಗಿದರೆ ಕಾರು ಇಳಿದೊಡನೆ ರಬ್ಬರ್ ತಿರುಚಿಕೊಳ್ಳುತ್ತದೆ, ಆ ತಿರುಚಿನಲ್ಲೇ ಓಡಿ ಬೇಗನೆ ಹರಿಯುತ್ತದೆ. ಸ್ವಲ್ಪ ದಿನ ಓಡಿಸಿದ ಬಳಿಕ ಯು-ಬೋಲ್ಟ್‌ಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.